ಬೋರ್ಡು ಬರೆದವನ ಅರವಟ್ಟಿಗೆ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ನಿರುಪಾದಿ ಅಜ್ಜ ಎಂಬ ಗುರು. ಸುತ್ತಲಿನ ಊರವರಿಗೆ ಅವರು ಬರೀ ಅಜ್ಜಾರು.

ಅಜ್ಜಾರು ಮಾತಾಡುವುದು ಕಡಿಮೆ, ನಗುವುದು ಹೆಚ್ಚು. ಅವರ ನಗುವಿಗೆ ಸಿಕ್ಕಿಕೊಂಡವರ ಪಾಡು ಮಾತ್ರ ಸ್ವಲ್ಪ ಕಷ್ಟವೇ.

ಒಂದು ಬೇಸಿಗೆಯ ಶುರುವಿಗೆ ಅಡಿವೆಪ್ಪ ಎಂಬ ತರುಣ ಮಠಕ್ಕೆ ಬಂದ. ಗದಗಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ.

"ಅಜ್ಜಾರ, ನನಗ ದೀಕ್ಷಾ ಕೊಡ್ರಿ. ಕಿವ್ಯಾಗ ಒಂದು ಮಂತ್ರ ಹೇಳ್ರಿ. ನನಗ ಮತ್ತೇನೂ ಬ್ಯಾಡ."

"ಹೇಳತೀನಿ. ಮೊದಲ ಹೊಳಿ ದಂಡ್ಯಾಗ ಅರವಟ್ಟಿಗಿ ನಡಸು. ಹೊಳಿ ದಾಟಿ ಬಂದವರಿಗೆ ನೀರು ಕೊಡು. ಹರವಿ ಖಾಲಿ ಆದ ದಿನ ಮಂತ್ರ."

"ಅಷ್ಟ ಏನ್ರಿ?"

"ಅಷ್ಟ. ಮಳಿ ಬಿದ್ದ ಮ್ಯಾಲೆ ಅರವಟ್ಟಿಗಿ ಮುಚ್ಚತೈತಿ. ಅದು ನೆನಪಿರಲಿ."

ಅಡಿವೆಪ್ಪನಿಗೆ ಖುಷಿಯೋ ಖುಷಿ. ಹೊಳೆಯ ನೀರು ಬೇಸಿಗೆಯಲ್ಲಿ ರಾಡಿ, ಬಾಯಿಗೆ ಹಾಕುವ ಹಾಗಿಲ್ಲ. ಬಿಸಿಲಿನಲ್ಲಿ ಬಂದವರು ತಣ್ಣನೆಯ ನೀರು ಬೇಡ ಎನ್ನುತ್ತಾರೆಯೇ? ನಾಳೆಯೋ ನಾಡಿದ್ದೋ ದೀಕ್ಷೆ ಆಯಿತು ಅಂದುಕೊಂಡ.

ಹರಿಗೋಲು ನಿಲ್ಲುವ ಜಾಗದಿಂದ ಸ್ವಲ್ಪ ಮೇಲೆ ಒಂದು ಎತ್ತರದ ಕಟ್ಟೆ. ಅದರ ಮೇಲೆ ಗರಿಯ ಚಪ್ಪರ ಹಾಕಿದ. ದೊಡ್ಡ ಮಣ್ಣಿನ ಹರವಿಗೆ ಒದ್ದೆ ಬಟ್ಟೆ ಸುತ್ತಿದ. ನೀರಿಗೆ ಲಾವಂಚದ ಬೇರು ಹಾಕಿದ. ಆಮೇಲೆ ತನಗೆ ಚೆನ್ನಾಗಿ ಗೊತ್ತಿದ್ದ ಕೆಲಸಕ್ಕೆ ಕೈ ಹಾಕಿದ.

ಹಲಗೆಯ ಮೇಲೆ ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು: "ಶ್ರೀ ಮಠದ ಅಮೃತ ಜಲ. ತಂಪು, ಶುದ್ಧ, ಉಚಿತ."

ಹರಿಗೋಲು ಬಂತು. ಜನ ಇಳಿದರು. ಸಾಲಾಗಿ ಮುಂದೆ ಹೋದರು.

ಅಡಿವೆಪ್ಪ ಕಟ್ಟೆಯ ಮೇಲೆ ಚರಿಗೆ ಹಿಡಿದು ಕೂತೇ ಇದ್ದ.

ದಾರಿ ತಿರುಗುವಲ್ಲಿ ಇನ್ನೊಂದು ಅರವಟ್ಟಿಗೆ ಇತ್ತು. ಸಂತೆಪೇಟೆಯ ಒಂದು ದಲಾಲಿ ಅಂಗಡಿಯವರು ಇಡಿಸಿದ್ದು. ಅಲ್ಲಿ ಮೈಲಾರಿ ಎಂಬ ಮನುಷ್ಯ. ಬೋರ್ಡಿಲ್ಲ, ಬಣ್ಣವಿಲ್ಲ. ಜನವೆಲ್ಲ ಅಲ್ಲಿಯೇ.

ಸಂಜೆ ಅಡಿವೆಪ್ಪ ಹರವಿಯಲ್ಲಿ ಹಾಗೇ ಉಳಿದ ನೀರನ್ನು ಕೊಡಕ್ಕೆ ಸುರಿದುಕೊಂಡು ಮಠಕ್ಕೆ ಹೊತ್ತು ತಂದ. ದಾಸವಾಳದ ಬುಡಕ್ಕೆ ಹೊಯ್ದ.

"ಈ ಗಿಡದ ನಸೀಬ ಚೊಲೊ ಐತಿ," ಎಂದರು ಅಜ್ಜಾರು.

ದಿನವೂ ಇದೇ ಆಯಿತು. ದಾಸವಾಳ ಹೂ ಬಿಟ್ಟಿತೇ ಬಿಟ್ಟಿತು.

"ಯಾಕ ಬರವಲ್ರು ಅಂತಿ?" ಕೇಳಿದರು ಅಜ್ಜಾರು.

"ಬೋರ್ಡು ಸಣ್ಣದಾತ್ರಿ. ದೂರದಿಂದ ಕಾಣಬೇಕು. ಗದಗಿನ್ಯಾಗ ನಾ ಬರದ ಬೋರ್ಡು ಟೇಸನ್ನಿನಿಂದ ಕಾಣತಿದ್ದುವು."

"ಹಂಗಾರ ದೊಡ್ಡದು ಬರಿ."

ಬರೆದ. ಎರಡು ಬಾಗಿಲು ಕೂಡಿಸಿದಷ್ಟು ಅಗಲ. ಬಿದಿರಿನ ಗಳ ನೆಟ್ಟು ಎತ್ತರಕ್ಕೆ ಏರಿಸಿದ. ಹೊಳೆಯ ನಡುವಿನಿಂದ ಅಂಬಿಗನೂ ಓದಬಹುದಾಗಿತ್ತು, ಅವನಿಗೆ ಓದು ಬರುತ್ತಿದ್ದರೆ.

ಅಜ್ಜಾರು ನೋಡಲು ಬಂದರು. ಮುಂದೆ ನಿಂತು ಓದಿದರು. ತಲೆದೂಗಿದರು. ಹಿಂದೆ ಹೋದರು. ಅಲ್ಲಿಂದ ಕೂಗಿದರು.

"ಅಡಿವೆಪ್ಪಾ, ಬಾ ಬಾ! ನಿನ್ನ ಬೋರ್ಡಿಗೆ ಗಿರಾಕಿ ಬಂದಾವ!"

ಅವನು ಚರಿಗೆ ಹಿಡಿದು ಓಡಿದ. ಬೋರ್ಡಿನ ನೆರಳಿನಲ್ಲಿ ಆಡುಗಳು ಮಲಗಿ ಮೆಲುಕು ಹಾಕುತ್ತಿದ್ದವು.

"ಮುಂದಿನ ಮಗ್ಗಲಕಿಂತ ಹಿಂದಿನ ಮಗ್ಗಲ ಚೊಲೊ ಕೆಲಸ ಮಾಡಾಕತ್ತೈತಿ," ಎಂದು ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಡಿವೆಪ್ಪನಿಗೆ ನಗು ಬರಲಿಲ್ಲ. ಪಾಪ, ಅವನ ಜಾಗದಲ್ಲಿ ಯಾರಿದ್ದರೂ ಬರುತ್ತಿರಲಿಲ್ಲ.

"ಬೋರ್ಡು ಓದಾಕ ಜನಕ್ಕ ಪುರಸತ್ತಿಲ್ರಿ. ನಾನ ಬಾಯಿಲೆ ಹೇಳತೀನಿ."

ಮರುದಿನ ಹರಿಗೋಲಿನಿಂದ ಕಾಶವ್ವ ಇಳಿದಳು. ಆಚೆ ದಂಡೆಯಲ್ಲಿ ಅವಳ ತೋಟ. ತಲೆಯ ಮೇಲೆ ಸೌತೆಕಾಯಿಯ ಬುಟ್ಟಿ. ಒಂದು ಕೈ ಬುಟ್ಟಿಯ ಅಂಚಿನಲ್ಲಿ, ಇನ್ನೊಂದು ಕೈಯಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಯವ್ವಾ, ನಿಂದರು!" ಕಟ್ಟೆಯ ಮೇಲಿನಿಂದ ಅಡಿವೆಪ್ಪ ಕೂಗಿದ.

ಅವಳು ನಿಂತಳು.

"ಇದು ಅಂತಿಂಥಾ ನೀರಲ್ಲ. ನಮ್ಮ ಮಠದ ಬಾವಿದು. ಅಜ್ಜಾರ ಗುರುಗಳ ಗುರುಗಳು ಇದ್ರಲ್ಲ, ಅವರು ಬಂದಾಗ ಇಲ್ಲಿ ಬರೀ ಕಲ್ಲು ಇತ್ತು. ಅವರು ಬೆತ್ತ ಊರಿ ನಿಂತು ಏನಂದ್ರಪಾ ಅಂದ್ರ..."

"ಯಪ್ಪಾ," ಎಂದಳು ಕಾಶವ್ವ, "ಪುರಾಣ ಆಮ್ಯಾಲೆ ಕೇಳತೀನಿ. ಕುತಗಿ ಮುರದು ಹೊಂಟೈತಿ."

ಅವಳು ಹೋದಳು. ಮೈಲಾರಿಯ ಕಡೆಗೇ ಹೋದಳು.

ಆಕಾಶದ ಅಂಚಿನಲ್ಲಿ ಮೋಡ ಕಾಣತೊಡಗಿತ್ತು. ಸಂಜೆ ಅಡಿವೆಪ್ಪ ಕೊಡವನ್ನು ದಾಸವಾಳದ ಹತ್ತಿರ ಇಟ್ಟವನು ಹೊಯ್ಯಲಿಲ್ಲ. ಅಲ್ಲೇ ಕೂತು ಅತ್ತ.

"ಜನಕ್ಕ ಬೆಲಿ ತಿಳಿಯೂದಿಲ್ರಿ ಅಜ್ಜಾರ. ಹಿಂಗ ಆದ್ರ ಮಳಿ ಬರತೈತಿ, ದೀಕ್ಷಾ ಸಿಗೂದಿಲ್ಲ. ನಾ ಗದಗಿಗೆ ಹೊಳ್ಳಿ ಹೋಗತೀನಿ."

"ಹೋಗು," ಎಂದರು ಅಜ್ಜಾರು.

ಅವನು ಅಳು ನಿಲ್ಲಿಸಿ ನೋಡಿದ. ಬೇಡ ಎನ್ನಬಹುದು ಎಂದು ಒಳಗೊಳಗೇ ಕಾದಿದ್ದ.

"ಹೋಗೂಕಿಂತ ಮೊದಲ ಒಂದು ಕೆಲಸ ಮಾಡು. ನಾಳೆ ಆಚೆ ದಂಡಿಗೆ ಹೋಗಿ ಕಾಶವ್ವನ ತ್ವಾಟದಿಂದ ಒಂದು ಬುಟ್ಟಿ ಸೌತಿಕಾಯಿ ಹೊತ್ಕೊಂಡು ಬಾ. ಪ್ರಸಾದಕ್ಕ ಬೇಕು. ಅರವಟ್ಟಿಗ್ಯಾಗ ಚೆನ್ನಬಸಯ್ಯ ಕುಂದರತಾನ."

ಚೆನ್ನಬಸಯ್ಯ ಮಠದ ಅಡುಗೆಯವನು. ಕೂತರೆ ಏಳದ ಮನುಷ್ಯ.

ಮರುದಿನ ಬಿಸಿಲು ಏರಿದ ಮೇಲೆ ಕಾಶವ್ವ ಬಟ್ಟೆ ಸುತ್ತಿ ಸಿಂಬಿ ಮಾಡಿ ಅಡಿವೆಪ್ಪನ ತಲೆಯ ಮೇಲಿಟ್ಟಳು. ಅದರ ಮೇಲೆ ಬುಟ್ಟಿ. ಅವನ ಕಣ್ಣು ಮೇಲೆ ಹೋಯಿತು.

"ಬಾಳ ಐತೇನು?" ನಕ್ಕಳು ಕಾಶವ್ವ. "ನಾ ದಿನಾ ಹೊರತೀನಿ."

"ಇಲ್ಲಬೇ. ಹಗುರ ಐತಿ," ಎಂದ. ಸುಳ್ಳು.

ಹೊಳೆ ದಾಟಿದ. ಅಂಬಿಗ ಬುಟ್ಟಿಯನ್ನು ಮತ್ತೆ ತಲೆಗೆ ಏರಿಸಿ ಹರಿಗೋಲು ತಿರುಗಿಸಿದ. ಅಡಿವೆಪ್ಪ ದಂಡೆ ಹತ್ತತೊಡಗಿದ.

ಕತ್ತು ಆ ಕಡೆ ಈ ಕಡೆ ಅಲ್ಲಾಡುವಂತಿಲ್ಲ. ತಲೆ ಎತ್ತಿದರೆ ಬುಟ್ಟಿ ಹಿಂದಕ್ಕೆ. ಕಾಣುವುದು ಕಾಲ ಮುಂದಿನ ಮಣ್ಣು ಮಾತ್ರ. ಬೆವರು ಕಣ್ಣಿಗೆ ಇಳಿಯಿತು. ಬಾಯಿ ಒಣಗಿತು. ಒಂದು ಗುಟುಕು ನೀರು, ಒಂದೇ ಗುಟುಕು ಎಂದುಕೊಳ್ಳುತ್ತ ನಡೆದ.

ಯಾರೋ ಎದುರಿಗೆ ಬಂದರು. ಎರಡು ಕೈ ಬುಟ್ಟಿಗೆ ಹೋದವು. ತಲೆ ಒಮ್ಮೆಲೇ ಹಗುರಾಯಿತು.

"ಕೈ ಹಿಡೀರಿ," ಎಂದಿತು ದನಿ.

ಬೊಗಸೆ ಒಡ್ಡಿದ. ನೀರು ಬಿತ್ತು. ಕುಡಿದ. ಮತ್ತೆ ಕುಡಿದ. ಮುಖಕ್ಕೂ ಹಾಕಿಕೊಂಡ. ಜನ್ಮದಲ್ಲಿ ಇಂಥ ನೀರು ಕುಡಿದಿರಲಿಲ್ಲ. ಆಮೇಲೆ ತಲೆ ಎತ್ತಿ ನೋಡಿದ.

ಮೈಲಾರಿ!

"ಯಾಕ್ರಿ ಸ್ವಾಮ್ಯಾರ, ನಿಮ್ಮ ಅರವಟ್ಟಿಗಿ ಇವತ್ತು ಬಂದ್ ಏನ್ರಿ?" ಮೈಲಾರಿ ಕೇಳಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ಕೇಳಿದ್ದ.

ಅಡಿವೆಪ್ಪ ಹಿಂದೆ ತಿರುಗಿದ. ಅವನ ಬೋರ್ಡು ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿತ್ತು. ಅದರ ಬುಡದಲ್ಲೇ ನಡೆದು ಬಂದಿದ್ದ. ಒಂದು ಅಕ್ಷರವೂ ಕಂಡಿರಲಿಲ್ಲ. ಕಟ್ಟೆಯ ಮೇಲೆ ಚೆನ್ನಬಸಯ್ಯ ಚರಿಗೆ ಹಿಡಿದು ಕೂತೇ ಇದ್ದ.

ಈಗ ಬಾಯಲ್ಲಿ ರುಚಿ ತಿಳಿಯಿತು. ಮೈಲಾರಿಯ ನೀರು ಉಗುರುಬೆಚ್ಚಗೆ, ಮೇಲಾಗಿ ಹಳೆಯ ಗಡಿಗೆಯ ವಾಸನೆ.

ಅಡಿವೆಪ್ಪನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಕೂತು ನಕ್ಕ. ಯಾಕೆಂದು ತಿಳಿಯದೆ ಮೈಲಾರಿಯೂ ನಕ್ಕ.

ಮಠದಲ್ಲಿ ಅಜ್ಜಾರು ಬುಟ್ಟಿ ಇಳಿಸಿಕೊಂಡರು.

"ನೀರಡಸಿರಬೇಕಲ್ಲ?"

"ಕುಡದು ಬಂದ್ನಿರಿ."

"ನಮ್ಮ ಅರವಟ್ಟಿಗ್ಯಾಗ?"

"ಇಲ್ರಿ. ಮೈಲಾರಿ ಕಡೆ."

"ನಮ್ಮ ಬೋರ್ಡು?"

"ಕಾಣಲಿಲ್ರಿ."

"ಅಷ್ಟು ದೊಡ್ಡದು!"

"ತಲಿ ಮ್ಯಾಲೆ ಬುಟ್ಟಿ ಇತ್ರಿ ಅಜ್ಜಾರ."

ಅಜ್ಜಾರು ಈ ಸಲ ನಗಲಿಲ್ಲ. ಒಂದು ಸೌತೆಕಾಯಿ ಸೀಳಿ, ಉಪ್ಪು ಸವರಿ ಅವನ ಕೈಗೆ ಕೊಟ್ಟರು. ಇಬ್ಬರೂ ಕೂತು ತಿಂದರು. ಗದಗಿನ ಮಾತು ಯಾರೂ ಎತ್ತಲಿಲ್ಲ.

ಮರುದಿನ ಅಡಿವೆಪ್ಪ ಹರವಿ ಸಮೇತ ಕಟ್ಟೆಯಿಂದ ಕೆಳಗಿಳಿದ. ಬೋರ್ಡನ್ನೂ ಇಳಿಸಿದ. ಎರಡು ಕಡೆ ಭುಜದೆತ್ತರಕ್ಕೆ ಕಲ್ಲು ಒಟ್ಟಿ ಅದರ ಮೇಲೆ ಅಡ್ಡ ಹಾಕಿದ. ತಲೆಯಿಂದ ಬುಟ್ಟಿ ಜಾರಿಸಿ ಇಡಲು ಹೇಳಿ ಮಾಡಿಸಿದ ಹಾಗಾಯಿತು. ಆಡುಗಳು ಬಂದು ನೋಡಿ ಬೇಸರದಿಂದ ಬೇರೆ ಕಡೆ ಹೋದವು.

ಹರಿಗೋಲು ಬಂತು. ಅವನು ದಂಡೆಯ ತನಕ ಇಳಿದು ಹೋದ. ಒಬ್ಬಳ ಬುಟ್ಟಿ ಇಳಿಸಿದ, ಇನ್ನೊಬ್ಬನ ಹೊರೆ ಇಳಿಸಿದ. ನೀರು ಹಾಕಿದ. ಕುಡಿದಾದ ಮೇಲೆ ಮತ್ತೆ ಹೊರಿಸಿದ, ಸಿಂಬಿ ಸರಿಮಾಡಿದ.

ಕಾಶವ್ವ ಕುಡಿದು, ಬಾಯಿ ಒರೆಸಿಕೊಂಡು, ಅವನ ಮುಂದೆಯೇ ನಿಂತಳು.

"ಇನ್ನೇನಬೇ?"

"ಮೊನ್ನಿ ಪುರಾಣ ಅರ್ಧಕ್ಕ ಬಿಟ್ಟಿದ್ದೆಲ್ಲ. ಅವರು ಬೆತ್ತ ಊರಿ ಏನಂದ್ರು, ಹೇಳು."

ಅವನು ಹೇಳಿದ. ಅವಳು ಕಲ್ಲಿಗೆ ಒರಗಿ ಪೂರಾ ಕೇಳಿದಳು.

ಸುದ್ದಿ ಹೊಳೆಯ ಆಚೆಗೂ ಹೋಯಿತು. ಬಿಡುವಿದ್ದಾಗ ಮೈಲಾರಿಯೇ ಬಂದು ಕುಡಿಯತೊಡಗಿದ. "ನಿಮ್ಮ ನೀರು ತಂಪದಾವ್ರಿ. ಮೊದಲ ಯಾಕ ಹೇಳಲಿಲ್ಲ?" ಎಂದು ಕೇಳಿದ.

ಆದರೂ ಸಂಜೆಗೆ ಹರವಿಯ ತಳದಲ್ಲಿ ಸ್ವಲ್ಪ ಉಳಿಯುತ್ತಿತ್ತು. ಇನ್ನೊಂದು ಚಿಂತೆಯೂ ಹತ್ತಿತ್ತು.

"ಅಜ್ಜಾರ, ಹರಗೋಲಿನ್ಯಾಗ ಎಲ್ಲಾರೂ 'ಬುಟ್ಟಿ ಇಳಸವ ಅದಾನ' ಅಂತಾರ. ಮಠದ ಹೆಸರು ಒಬ್ಬರೂ ಅನ್ನೂದಿಲ್ಲ. ಹಲಗಿ ಮ್ಯಾಲಿನ ಅಕ್ಷರಾನೂ ಅಳಸಾಕತ್ತಾವ."

"ಆವತ್ತಿನಿಂದ ನೀ ಮೈಲಾರಿ ಹೆಸರು ಎಷ್ಟು ಸಲ ತಗೊಂಡಿ?"

"ದಿನಾ ತಗೋತೀನ್ರಿ."

"ಅವ ತಗೋ ಅಂದಿದ್ನೇನು?"

ಅಡಿವೆಪ್ಪ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದ.

ಸಂತೆಯ ದಿನ ಬಂತು. ಮೋಡ ಹೊಳೆಯ ಮೇಲೆಯೇ ಬಂದು ನಿಂತಿತ್ತು. ಸೆಕೆಯೋ ಸೆಕೆ. ಮಳೆಗೆ ಮೊದಲು ದಾಟಬೇಕೆಂದು ಜನ ಮುಗಿಬಿದ್ದಿದ್ದರು. ಅಡಿವೆಪ್ಪನಿಗೆ ಹರವಿ ನೋಡಲೂ ಪುರಸೊತ್ತಿರಲಿಲ್ಲ, ದೀಕ್ಷೆಯ ನೆನಪೂ ಇರಲಿಲ್ಲ. ಇಳಿಸಿದ, ಹಾಕಿದ, ಹೊರಿಸಿದ. ನಡುನಡುವೆ ಯಾರಿಗೋ ಏನೋ ಹೇಳಿ ನಗಿಸಿದ.

ಕಟ್ಟಿಗೆಯ ಹೊರೆ ಹೊತ್ತ ಮುದುಕನೊಬ್ಬ ಬಂದ. ಹೊರೆಯ ಕಡ್ಡಿಗಳು ಮುಖದ ಮೇಲೆ ಇಳಿಬಿದ್ದಿದ್ದವು. ಅಡಿವೆಪ್ಪ ಹೊರೆಗೆ ಕೈ ಕೊಟ್ಟು ಹಲಗೆಯ ಮೇಲಿಟ್ಟ.

"ಕೈ ಹಿಡಿ ಮುತ್ಯಾ."

ಮುದುಕ ಬಾಗಿ ಬೊಗಸೆ ಒಡ್ಡಿದ. ಅಡಿವೆಪ್ಪ ಹರವಿಯನ್ನು ಬಗ್ಗಿಸಿ ಚರಿಗೆ ತುಂಬಿಕೊಂಡು ಹಾಕಿದ. ಮುದುಕ ಕುಡಿದ. ಇನ್ನಷ್ಟು ಹಾಕಲು ಹರವಿಯನ್ನು ಪೂರ್ತಿ ಬಗ್ಗಿಸಿದ. ಹನಿಯೂ ಬರಲಿಲ್ಲ.

ಮುದುಕ ಗಡ್ಡ ಒರೆಸಿಕೊಳ್ಳುತ್ತ ಮುಖ ಎತ್ತಿದ.

"ಅಜ್ಜಾರ!"

ಚರಿಗೆ ಕೈಯಿಂದ ಬಿತ್ತು. ಅಡಿವೆಪ್ಪ ಹರವಿ ನೋಡಿದ, ಅಜ್ಜಾರನ್ನು ನೋಡಿದ, ಮತ್ತೆ ಹರವಿ ನೋಡಿದ.

"ಖಾಲಿ ಆತ್ರಿ."

"ಆತಲ್ಲ."

ಅವನು ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿದ. ಕಣ್ಣು ಮುಚ್ಚಿ, ಕೈ ಮುಗಿದು, ಕಿವಿ ಒಡ್ಡಿದ. ಕಾಶವ್ವ ಸೆರಗು ಹೊದ್ದುಕೊಂಡಳು. ನೀರಿಗೆ ಬಂದಿದ್ದ ಮೈಲಾರಿ ತಲೆಯ ರುಮಾಲು ತೆಗೆದ.

ಅಜ್ಜಾರು ಶಿಷ್ಯನ ನೆತ್ತಿಯ ಮೇಲೆ ಒದ್ದೆ ಕೈ ಇಟ್ಟರು. ಬಾಗಿ, ಕಿವಿಗೆ ಬಾಯಿ ತಾಗಿಸಿ, ಮೆಲ್ಲಗೆ ಹೇಳಿದರು:

"ಆಚೆ ದಂಡಿಯಿಂದ ಇನ್ನೊಂದು ಹರಗೋಲು ಬಿಟ್ಟೈತಿ. ಹರವಿ ತುಂಬು."