ಹಳದಿ ಹಿರಿಯ

ದೋಣಿ ದಡ ಮುಟ್ಟುವವರೆಗೆ ಕಾಯಲು ಬೊಮ್ಮಣ್ಣನಿಂದ ಆಗಲಿಲ್ಲ. ಮೊಣಕಾಲುದ್ದದ ನೀರಿಗೆ ಧುಮುಕಿದ. ಗಂಟನ್ನು ತಲೆಯ ಮೇಲೆ ಎತ್ತಿ ಹಿಡಿದು, ಪಂಚೆ ತೊಯ್ದದ್ದನ್ನೂ ನೋಡದೆ, ಆಶ್ರಮದ ಮೆಟ್ಟಿಲು ಹತ್ತಿ ಓಡಿದ.

"ಗುರುಗಳೇ! ಸಿಕ್ಕಿತು! ಸಿಕ್ಕೇಬಿಟ್ಟಿತು!"

ತ್ರಿಯಂಬಕ ಗುರುಗಳು ಕಂಬಳಿ ಹೊದ್ದು ಜಗಲಿಯ ಮೇಲೆ ಕುಳಿತಿದ್ದರು. ಎಂಬತ್ತು ದಾಟಿದ ಜೀವ. ಆ ವರ್ಷ ಅವರ ಮೈಯಲ್ಲಿ ಕಸುವೇ ಉಳಿದಿರಲಿಲ್ಲ. ನದಿಗೆ ಇಳಿದರೆ ಹತ್ತಿ ಬರುವಷ್ಟರಲ್ಲಿ ಏದುಸಿರು. ಸುಮ್ಮನೆ ಕುಳಿತರೂ ಹಣೆಯಲ್ಲಿ ಬೆವರು. ತಣ್ಣನೆ ಗಾಳಿ ಬೀಸಿದರೆ ಸಾಕು, ನೆಗಡಿ. ಪಾಠ ಹೇಳುತ್ತ ಹೇಳುತ್ತ ದನಿ ನಿಂತುಹೋಗುತ್ತಿತ್ತು.

ಅದನ್ನು ನೋಡಲಾರದೆ ಬೊಮ್ಮಣ್ಣ ಔಷಧಿ ಹುಡುಕಿಕೊಂಡು ನದಿ ಸಮುದ್ರ ಸೇರುವ ಕಡೆಯ ಬಂದರಿಗೆ ಹೋಗಿದ್ದ. ಅಲ್ಲಿ ಚೀನಾ ದೇಶದ ಹಡಗೊಂದು ಗಾಳಿ ತಿರುಗುವುದನ್ನು ಕಾಯುತ್ತ ಲಂಗರು ಹಾಕಿತ್ತು.

"ಮೊದಲು ಉಸಿರು ಬಿಡು. ಆಮೇಲೆ ಹೇಳು" ಎಂದರು ಗುರುಗಳು.

ಬೊಮ್ಮಣ್ಣ ಉಸಿರು ಬಿಡಲಿಲ್ಲ. ಗಂಟು ಬಿಚ್ಚಿದ. ಒಳಗೆ ಉದ್ದುದ್ದ ಒಣಬೇರುಗಳು.

"ಹಡಗಿನಲ್ಲಿ ಲಿನ್ ಅಂತ ಒಬ್ಬರು ವೈದ್ಯರಿದ್ದಾರೆ. ತಲೆಯೆಲ್ಲ ಬೆಳ್ಳಗಾಗಿದೆ, ಆದರೆ ಹಗ್ಗದ ಏಣಿಯನ್ನು ಹುಡುಗರ ಹಾಗೆ ಹತ್ತುತ್ತಾರೆ! ಅವರು ಮಾತಾಡಿದ್ದನ್ನು ದುಭಾಷಿ ನನಗೆ ಹೇಳಿದ. ಇದರ ಹೆಸರು ಹುವಾಂಗ್ ಚಿ. ಹಾಗೆಂದರೆ ಹಳದಿ ಹಿರಿಯ ಅಂತ. ಬಲ ಕೊಡುವ ಬೇರುಗಳಿಗೆಲ್ಲ ಇದೇ ಹಿರಿಯನಂತೆ. ಅವರ ನಾಡಿನಲ್ಲಿ ವಯಸ್ಸಾದವರು ಗಂಜಿಯಲ್ಲಿ ಹಾಕಿ ಬೇಯಿಸಿ ಕುಡಿಯುತ್ತಾರಂತೆ. ದಣಿವು ಹೋಗುತ್ತದೆ, ಉಸಿರು ನಿಲ್ಲುತ್ತದೆ..."

"ಉಸಿರು ನಿಲ್ಲುತ್ತದೆಯೇ?"

"ಅಯ್ಯೋ, ಹಾಗಲ್ಲ! ಏದುಸಿರು ನಿಲ್ಲುತ್ತದೆ. ಸುಮ್ಮಸುಮ್ಮನೆ ಬರುವ ಬೆವರು ನಿಲ್ಲುತ್ತದೆ. ಮಾತು ಮಾತಿಗೆ ನೆಗಡಿ ಆಗುವುದಿಲ್ಲ. ಎಲ್ಲ ನಿಮ್ಮನ್ನೇ ನೋಡಿ ಹೇಳಿದ ಹಾಗಿತ್ತು, ಗುರುಗಳೇ!"

ಗುರುಗಳು ಒಂದು ಬೇರನ್ನು ಮುರಿದರು. ಹೊರಗೆ ಮಣ್ಣಿನ ಬಣ್ಣ, ಒಳಗೆ ತಿಳಿಹಳದಿ. ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಅಗಿದರು.

"ಸಿಹಿಯಾಗಿದೆಯಲ್ಲೋ! ಹಸಿ ಅವರೆಕಾಳಿನ ವಾಸನೆ."

ಬೊಮ್ಮಣ್ಣನಿಗೆ ದಾರಿಯುದ್ದಕ್ಕೂ ಒಂದು ಅಳುಕಿತ್ತು. ಈಗ ಮೆಲ್ಲಗೆ ಕೇಳಿದ.

"ಕುಡಿಯುತ್ತೀರಿ ತಾನೇ? ಈ ಮೈ ಬಾಡಿಗೆ ಮನೆ ಅಂತ ನೀವೇ ಪಾಠ ಮಾಡಿದ್ದಿರಿ. ಬೇಡ ಅಂದುಬಿಡುತ್ತೀರೇನೋ ಅಂತ..."

"ಬಾಡಿಗೆ ಮನೆಯಾದರೆ ಸೂರು ಸೋರುತ್ತಿರಲಿ ಅಂತ ಬಿಡುತ್ತಾರೇನೋ?" ಗುರುಗಳು ಕಂಬಳಿ ಪಕ್ಕಕ್ಕೆ ಸರಿಸಿದರು. "ಒಲೆ ಹಚ್ಚು."

ಅಂದಿನಿಂದ ದಿನವೂ ಬೆಳಿಗ್ಗೆ ಅಕ್ಕಿಯ ಗಂಜಿಯ ಜೊತೆ ಹಳದಿ ಬೇರು ಬೆಂದಿತು. ಗುರುಗಳು ಮಗುವಿನಂತೆ ಬಟ್ಟಲನ್ನು ಓರೆ ಮಾಡಿ ಕೊನೆಯ ಹನಿಯವರೆಗೂ ಕುಡಿದರು.

ಮೊದಮೊದಲು ಏನೂ ಆಗಲಿಲ್ಲ. ಬೊಮ್ಮಣ್ಣ ಗಂಟೆಗೊಮ್ಮೆ ಬಂದು ಅವರ ಮುಖ ನೋಡುತ್ತಿದ್ದ.

"ಹೇಗಿದೆ, ಗುರುಗಳೇ?"

"ನೀನು ಇಷ್ಟು ಸಲ ಕೇಳದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು."

ಆದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಗುರುಗಳ ಹಣೆಯ ಬೆವರು ಆರಿತು. ಊಟ ಸೇರತೊಡಗಿತು. ಪಾಠದ ದನಿ ಹಿಂದಿನ ಸಾಲಿನವರಿಗೂ ಮುಟ್ಟಿತು. ಒಂದು ಬೆಳಿಗ್ಗೆ ಅವರು ಸ್ನಾನ ಮುಗಿಸಿ, ನದಿಯಿಂದ ಆಶ್ರಮದವರೆಗೆ ಎಲ್ಲಿಯೂ ಕೂರದೆ ಹತ್ತಿ ಬಂದರು. ಮೇಲೆ ನಿಂತು ತಿರುಗಿ ನೋಡಿದರು. ಮತ್ತೆ ಇಳಿದರು. ಮತ್ತೆ ಹತ್ತಿ ಬಂದರು.

"ಯಾಕೆ ಗುರುಗಳೇ, ಏನಾದರೂ ಮರೆತಿರಾ?"

"ಇಲ್ಲ. ಮೊದಲನೆಯ ಸಲ ನನಗೇ ನಂಬಿಕೆ ಬರಲಿಲ್ಲ!"

ಬೊಮ್ಮಣ್ಣ ಕುಣಿದಾಡಿಬಿಟ್ಟ.

ಸುದ್ದಿ ನದಿಯ ಎರಡೂ ದಡಕ್ಕೆ ಹಬ್ಬಿತು. ಮಂಡಿನೋವಿನವರು, ಮುಪ್ಪಿನವರು, ಹೆರಿಗೆಯಾಗಿ ಸೊರಗಿದವರು, ಎಲ್ಲರೂ ಆಶ್ರಮಕ್ಕೆ ಬಂದರು. ಬೊಮ್ಮಣ್ಣ ಕೇಳಿದವರಿಗೆಲ್ಲ ಬೇರು ಕೊಟ್ಟ. ಕೆಲವರು ಚೇತರಿಸಿಕೊಂಡರು. ಕೆಲವರಿಗೆ ಏನೂ ಆಗಲಿಲ್ಲ. ಚೇತರಿಸಿಕೊಂಡವರು ಅವನ ಕಾಲಿಗೆ ಬೀಳಲು ಬಂದಾಗ ಅವನು ಬೇಡ ಬೇಡ ಎನ್ನುತ್ತಲೇ ಕಾಲು ಮುಂದೆ ಚಾಚುತ್ತಿದ್ದ.

ಗುರುಗಳ ಕಾಲು ಈಗ ಒಂದು ಕಡೆ ನಿಲ್ಲುತ್ತಿರಲಿಲ್ಲ. ವರ್ಷಗಳಿಂದ ಹೋಗಲಾಗದ ಆಚೆ ದಡದ ಊರುಗಳಿಗೆ ಪಾಠ ಹೇಳಲು ಹೊರಟರು.

ಅವರು ಇಲ್ಲದ ಹೊತ್ತಿನಲ್ಲಿ ಸಾಂತವ್ವ ಬಂದಳು. ಕುಂಬಾರ ಹಾಲಪ್ಪನ ಮಗಳು.

"ಬೊಮ್ಮಣ್ಣ, ನಿನ್ನೆಯಿಂದ ಅಪ್ಪನಿಗೆ ಚಳಿಜ್ವರ. ಏಳುವುದಕ್ಕೂ ಆಗುತ್ತಿಲ್ಲ. ಮೈಯಲ್ಲಿ ಶಕ್ತಿಯೇ ಇಲ್ಲ ಅನ್ನುತ್ತಾನೆ. ಆ ಹಳದಿ ಬೇರು ಸ್ವಲ್ಪ ಕೊಡಪ್ಪ."

"ಸ್ವಲ್ಪ ಯಾಕೆ, ಅಕ್ಕ? ಶಕ್ತಿ ಇಲ್ಲದವರಿಗೇ ಅಲ್ಲವೇ ಇದು ಇರುವುದು! ನಡೆ, ನಾನೇ ಕಾಸಿ ಕೊಡುತ್ತೇನೆ."

ಬೊಮ್ಮಣ್ಣ ಬೇರನ್ನು ಹಿಡಿಗಟ್ಟಲೆ ಹಾಕಿ ಗಟ್ಟಿ ಕಷಾಯ ಕಾಸಿದ. ಹಾಲಪ್ಪನ ತಲೆ ಎತ್ತಿ ಹಿಡಿದು ತಾನೇ ಕುಡಿಸಿದ. ಸಂಜೆ ಮತ್ತೊಮ್ಮೆ ಕುಡಿಸಿದ. ನಾಳೆ ಈ ಮುದುಕ ಮಡಕೆ ಮಾಡಲು ತಿಗರಿಯ ಮುಂದೆ ಕೂರುತ್ತಾನೆ ಎಂದು ಸಾಂತವ್ವನಿಗೆ ಮಾತು ಕೊಟ್ಟು ಬಂದ.

ಬೆಳಗಾದಾಗ ಸಾಂತವ್ವ ಓಡಿ ಬಂದಳು. ಕೂದಲು ಬಿಚ್ಚಿಹೋಗಿತ್ತು.

"ಅಪ್ಪನ ಮೈ ಕೆಂಡವಾಗಿದೆ. ಒಂದು ಹನಿ ಬೆವರಿಲ್ಲ. ನನ್ನನ್ನೇ ಯಾರು ಅಂತ ಕೇಳುತ್ತಿದ್ದಾನೆ. ಏನು ಕೊಟ್ಟೆ, ಬೊಮ್ಮಣ್ಣ? ಅಪ್ಪನಿಗೆ ಏನು ಕೊಟ್ಟೆ?"

"ಅದೇ ಬೇರು, ಅಕ್ಕ. ಅದೊಂದೇ" ಎಂದ ಬೊಮ್ಮಣ್ಣ.

ಅದೇ ಹೊತ್ತಿಗೆ ಗುರುಗಳ ದೋಣಿ ದಡಕ್ಕೆ ಬಂತು. ವಿಷಯ ತಿಳಿದದ್ದೇ ತಡ, ಅವರು ಕುಂಬಾರರ ಮನೆಯ ಕಡೆ ದಾಪುಗಾಲು ಹಾಕಿದರು. ಬೊಮ್ಮಣ್ಣ ಹಿಂದೆ ಬಿದ್ದ.

ಗುರುಗಳು ಹಾಲಪ್ಪನ ನಾಡಿ ಹಿಡಿದರು. ಒಲೆಯ ಮೇಲೆ ಉಳಿದಿದ್ದ ಕಷಾಯವನ್ನು ಮೂಸಿ ನೋಡಿದರು. ಹೊರಗೆ ಚೆಲ್ಲಿದರು.

"ಜ್ವರ ಬಂದವರಿಗೆ ಇದನ್ನು ಕೊಡಬಹುದು ಅಂತ ಆ ವೈದ್ಯರು ಹೇಳಿದ್ದರೇ?"

"ಹೇಳಿರಲಿಲ್ಲ."

"ಕೊಡಬಾರದು ಅಂದಿದ್ದರೇ?"

ಬೊಮ್ಮಣ್ಣ ತಲೆ ತಗ್ಗಿಸಿದ. "ಗೊತ್ತಿಲ್ಲ, ಗುರುಗಳೇ. ಅವರು ಇನ್ನೂ ಮಾತಾಡುತ್ತಿದ್ದರು. ಮುದುಕರಿಗೆ ಬಲ ಬರುತ್ತದೆ ಅಂದದ್ದು ಕೇಳಿದ ಕೂಡಲೇ ನಾನು ಗಂಟು ಕಟ್ಟಿಕೊಂಡು ಓಡಿ ಬಂದೆ. ದುಭಾಷಿ ಹಿಂದಿನಿಂದ ಕೂಗುತ್ತಿದ್ದ. ನಾನು ತಿರುಗಿ ನೋಡಲಿಲ್ಲ."

ಗುರುಗಳು ಬೈಯಲಿಲ್ಲ. ಕಿಟಕಿಗೆ ತುರುಕಿದ್ದ ಗೋಣಿಯನ್ನು ಎಳೆದು ಹಾಕಿದರು. ಶುಂಠಿ, ತುಳಸಿ, ಕೊತ್ತಂಬರಿ ಬೀಜ ಹಾಕಿ ತಿಳಿಯಾದ ಕಷಾಯ ಮಾಡಿಸಿದರು. ಹಾಲಪ್ಪನ ಹಣೆಗೆ ಒದ್ದೆ ಬಟ್ಟೆ ಇಟ್ಟರು. ಗುಟುಕು ಗುಟುಕಾಗಿ ಕುಡಿಸುವ ಕೆಲಸವನ್ನು ಬೊಮ್ಮಣ್ಣನಿಗೇ ಬಿಟ್ಟರು.

ಹಾಲಪ್ಪನ ತುಟಿಯಿಂದ ಅರ್ಧ ಕಷಾಯ ಹೊರಗೆ ಜಾರುತ್ತಿತ್ತು. ಸಾಂತವ್ವ ಬೊಮ್ಮಣ್ಣನ ಮುಖವನ್ನೂ ನೋಡಲಿಲ್ಲ.

ಮಾರನೆಯ ದಿನ ಬಿಸಿಲೇರಿದ ಮೇಲೆ ಹಾಲಪ್ಪನ ಮೂಗಿನ ತುದಿಯಲ್ಲಿ ಒಂದು ಹನಿ ಬೆವರು ಕಂಡಿತು.

"ಗುರುಗಳೇ! ಬೆವರು! ಬೆವರು!" ಬೊಮ್ಮಣ್ಣ ಕಿರುಚಿದ.

ಬಳಿಕ ಕತ್ತಿನಲ್ಲಿ, ಎದೆಯಲ್ಲಿ, ಬೆನ್ನಿನಲ್ಲಿ. ಚಾಪೆಯೇ ತೊಯ್ದುಹೋಯಿತು. ಹಾಲಪ್ಪ ಕಣ್ಣು ತೆರೆದ. ಮಗಳನ್ನು ನೋಡಿದ.

"ಸಾಂತಿ, ಏನಾದರೂ ತಿನ್ನಲಿಕ್ಕೆ ಇದೆಯೇನೇ?"

ಸಾಂತವ್ವ ನಗುತ್ತ ಅತ್ತಳು. ಬೊಮ್ಮಣ್ಣ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಒತ್ತಿ ನಿಂತ.

ಆಶ್ರಮಕ್ಕೆ ಮರಳಿದವನೇ ಬೇರಿನ ಗಂಟು ಎತ್ತಿಕೊಂಡು ನದಿಯ ಕಡೆ ಹೊರಟ.

"ಎಲ್ಲಿಗೆ?"

"ನೀರಿಗೆ ಎಸೆಯುತ್ತೇನೆ. ಇದು ಒಬ್ಬರ ಜೀವ ತೆಗೆಯುತ್ತಿತ್ತು."

"ಆಗಲಿ. ಅದಕ್ಕೂ ಮೊದಲು ಅಡುಗೆಮನೆಗೆ ಬಾ."

ಗುರುಗಳು ಒಲೆಗೆ ಹಸಿ ಸೌದೆ ತುರುಕಿ ಊದಿದರು. ಹೊಗೆ ದಟ್ಟವಾಗಿ ಎದ್ದಿತು. ಆಮೇಲೆ ಎದ್ದು ಹೋಗಿ ಬಾಗಿಲು ಮುಚ್ಚಿ ಅಗುಳಿ ಹಾಕಿದರು.

"ಗುರುಗಳೇ, ಹೊಗೆ!"

"ಮೊನ್ನೆ ಬಿರುಗಾಳಿ ಬಂದಾಗ ಇದೇ ಬಾಗಿಲು ಮುಚ್ಚಿ ಏನಂದೆ?"

"ಒಳ್ಳೆ ಬಾಗಿಲು ಅಂದೆ." ಬೊಮ್ಮಣ್ಣ ಕೆಮ್ಮಿದ. ಕಣ್ಣಲ್ಲಿ ನೀರು ಸುರಿಯಿತು. "ಒಂದಿಷ್ಟೂ ಗಾಳಿ ಒಳಗೆ ಬಿಡುವುದಿಲ್ಲ ಅಂದೆ."

"ಈಗೇನನ್ನುತ್ತೀ?"

"ತೆಗೆಯಿರಿ, ಗುರುಗಳೇ! ತೆಗೆಯಿರಿ!"

ಗುರುಗಳು ಬಾಗಿಲು ತೆರೆದರು. ಇಬ್ಬರೂ ಕೆಮ್ಮುತ್ತ ಅಂಗಳಕ್ಕೆ ಬಂದು ಬಿದ್ದರು. ಹೊಗೆ ಅವರ ತಲೆಯ ಮೇಲಿಂದ ಹಾದು ಹೋಯಿತು.

ಬೊಮ್ಮಣ್ಣ ಬಾಗಿಲನ್ನು ನೋಡಿದ. ಗಂಟನ್ನು ಮಡಿಲಿಗೆ ಎಳೆದುಕೊಂಡ.

"ಈ ಬೇರು ಬಾಗಿಲು ಮುಚ್ಚುತ್ತದೆ. ನಿಮ್ಮೊಳಗೆ ಹೊಗೆ ಇರಲಿಲ್ಲ. ಹಾಲಪ್ಪನೊಳಗೆ ಇತ್ತು" ಎಂದ ನಿಧಾನವಾಗಿ.

"ಹಾಗಂತ ನನ್ನ ಊಹೆ. ಈ ಬೇರಿನ ಬಗ್ಗೆ ನಾನು ಓದಿದವನಲ್ಲ, ಇದನ್ನು ಬೆಳೆದವನೂ ಅಲ್ಲ. ಜ್ವರ ಬಿಟ್ಟ ಮೇಲೆ ಯಾವಾಗ ಕೊಡಬಹುದು? ಹೆರಿಗೆಯಾದವರಿಗೆ ಎಷ್ಟು ಕೊಡಬೇಕು? ಕೆಲವರಿಗೆ ಏನೂ ಆಗಲಿಲ್ಲವಲ್ಲ, ಯಾಕೆ? ನಮ್ಮ ಮಣ್ಣಿನಲ್ಲಿ ಇದು ಬೆಳೆಯುತ್ತದೆಯೇ?" ಕೇಳುತ್ತ ಕೇಳುತ್ತ ಗುರುಗಳ ಕಣ್ಣು ಅರಳಿತು. "ನನಗೆ ಒಂದೂ ಗೊತ್ತಿಲ್ಲ, ಬೊಮ್ಮಣ್ಣ!"

ಅಷ್ಟು ಸಂತೋಷದಿಂದ ಯಾರಾದರೂ ಆ ಮಾತು ಹೇಳಿದ್ದನ್ನು ಬೊಮ್ಮಣ್ಣ ಕೇಳಿರಲಿಲ್ಲ.

"ನಾನು ಹೋಗಿ ಕೇಳಿಕೊಂಡು ಬರುತ್ತೇನೆ" ಎಂದ. "ಈ ಸಲ ಅವರು ಮಾತು ನಿಲ್ಲಿಸಿದ ಮೇಲೂ ಕುಳಿತಿರುತ್ತೇನೆ. ಆದರೆ ಮುಖ ಹೇಗೆ ತೋರಿಸಲಿ?"

"ಹೀಗೇ ತೋರಿಸು. ಮಸಿ ಮಾತ್ರ ತೊಳೆದುಕೊ."

ಬೊಮ್ಮಣ್ಣ ನದಿಯಲ್ಲಿ ಮುಖ ತೊಳೆದುಕೊಂಡು ಬಂದಾಗ ಗುರುಗಳು ಜಗಲಿಯ ಮೇಲೆ ಇರಲಿಲ್ಲ. ಒಳಗೂ ಇರಲಿಲ್ಲ. ಗಾಬರಿಯಿಂದ ಮತ್ತೆ ನದಿಯ ಕಡೆ ಓಡಿದ.

ಅವರು ದೋಣಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಬುತ್ತಿ, ಊರುಗೋಲು, ಬದಲಿಗೊಂದು ಪಂಚೆ.

"ಗುರುಗಳೇ, ನೀವೂ ಬರುತ್ತೀರಾ?"

"ಇನ್ನೇನು ಮತ್ತೆ? ಅವರ ಎದುರು ಕುಳಿತು ಪಾಠ ಹೇಳಿಸಿಕೊಳ್ಳಬೇಡವೇ? ಶಿಷ್ಯನಾಗಿ ಎಷ್ಟು ಕಾಲವಾಯಿತು!"

"ದಾರಿ ದೂರ. ದೋಣಿ ಇಳಿದ ಮೇಲೆ ಸುಡುವ ಮರಳಿನಲ್ಲಿ ನಡೆಯಬೇಕು. ಹಡಗಿಗೆ ಇರುವುದು ಹಗ್ಗದ ಏಣಿ."

"ಏಣಿಯ ವಿಷಯ ಮೊದಲೇ ಹೇಳಿದ್ದೀಯ. ಅದಕ್ಕೇ ಪಂಚೆಯನ್ನು ಕಚ್ಚೆ ಹಾಕಿ ಉಟ್ಟಿದ್ದೇನೆ."

ಬೊಮ್ಮಣ್ಣ ದೋಣಿಯ ಅಂಚು ಹಿಡಿದು ನಿಂತ.

"ಈಗಷ್ಟೇ ಚೇತರಿಸಿಕೊಂಡಿದ್ದೀರಿ. ನಾನು ಬರುವವರೆಗೆ ಇಲ್ಲೇ ನೆರಳಲ್ಲಿ ಕುಳಿತು ದಿನಾ ಗಂಜಿ ಕುಡಿಯುತ್ತ ಇದ್ದರೆ ಇನ್ನೂ ಎಷ್ಟೋ ವರ್ಷ ಇರುತ್ತೀರಿ, ಗುರುಗಳೇ."

ಗುರುಗಳು ಹುಟ್ಟನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಕೂತಲ್ಲೇ ಇನ್ನಷ್ಟು ವರ್ಷ ಕೂರಲಿಕ್ಕೆ ಅದನ್ನು ಕುಡಿದೆ ಅಂದುಕೊಂಡೆಯಾ? ಹತ್ತು, ಬೇಗ. ಗಾಳಿ ತಿರುಗಿದರೆ ಹಡಗು ಹೊರಟುಬಿಡುತ್ತದೆ."