ಮಸಿಯಜ್ಜನ ಸುಳ್ಳು ಕೂಗು

ಬಿದಿರುಮೆಳೆಗಳ ಆಚೆ, ಒಂದು ಕೆರೆಯ ಪಕ್ಕದಲ್ಲಿ ದೊಡ್ಡ ಅತ್ತಿಮರವಿತ್ತು. ಮರದ ಮೇಲೆ ಮುಸುವಗಳ ಸಂಸಾರ, ಮರದ ಕೆಳಗೆ ಜಿಂಕೆಗಳ ಸಂಸಾರ. ಮುಸುವ ಗೊತ್ತಲ್ಲ ಮಕ್ಕಳೇ, ಕರಿ ಮುಖ, ಉದ್ದ ಬಾಲದ ಕೋತಿ? ಅದಕ್ಕೆ ಹಣ್ಣನ್ನು ಪೂರ್ತಿ ತಿಂದು ಅಭ್ಯಾಸವೇ ಇಲ್ಲ. ಅರ್ಧ ಕಚ್ಚಿ ಅರ್ಧ ಕೆಳಗೆ ಎಸೆಯುತ್ತದೆ. ಆ ಅರ್ಧ ಹಣ್ಣು ಜಿಂಕೆಗಳಿಗೆ ಹಬ್ಬದೂಟ.

ಇಷ್ಟೇ ಅಲ್ಲ. ಮೇಲಿದ್ದವರಿಗೆ ದೂರದ್ದೂ ಕಾಣುತ್ತದೆ. ಮುಸುವಗಳ ಹಿರಿಯ ಮಸಿಯಜ್ಜ ಎಲ್ಲಕ್ಕಿಂತ ಎತ್ತರದ ಕೊಂಬೆಯಲ್ಲಿ ಕಾವಲು ಕೂರುತ್ತಿದ್ದ. ಪೊದೆಯೊಳಗೆ ಏನಾದರೂ ಅಲ್ಲಾಡಿತೋ, "ಖಕ್! ಖಕ್!" ಎಂದು ಕೂಗುತ್ತಿದ್ದ. ಆ ಕೂಗು ಕೇಳಿದ ತಕ್ಷಣ ಜಿಂಕೆಗಳು ಬಾಯಲ್ಲಿದ್ದದ್ದನ್ನೂ ಬಿಟ್ಟು ಓಟ ಕೀಳಬೇಕು. ಅದು ಆ ಮರದಡಿಯ ಕಟ್ಟಳೆ.

ಈ ಕಟ್ಟಳೆ ಕಂಡರೆ ಹೊನ್ನಿ ಎಂಬ ಜಿಂಕೆಗೆ ಆಗುತ್ತಿರಲಿಲ್ಲ. ಹೊನ್ನಿಗೆ ಒಂದು ಪುಟ್ಟ ಮರಿಯಿತ್ತು. ಅವಳು ಬಲು ಚುರುಕು, ಆದರೆ ಮೂಗಿನ ತುದಿಯಲ್ಲೇ ಕೋಪ.

ಒಂದು ಬೆಳಿಗ್ಗೆ ಚೆನ್ನಾಗಿ ಕಳಿತ ಹಣ್ಣೊಂದು ಅವಳ ಮುಂದೆಯೇ ಬಿತ್ತು. ಇನ್ನೇನು ಬಾಯಿ ಹಾಕಬೇಕು, "ಖಕ್!" ಎಂದ ಮಸಿಯಜ್ಜ. ಹೊನ್ನಿ ಓಡಿದಳು. ಕಾಲಿಗೆ ಕಾರೆಮುಳ್ಳು ಚುಚ್ಚಿತು. ಎಷ್ಟು ಹೊತ್ತು ಕಾದರೂ ಹುಲಿಯೂ ಇಲ್ಲ, ಚಿರತೆಯೂ ಇಲ್ಲ. ವಾಪಸು ಬಂದು ನೋಡಿದರೆ ಹಣ್ಣಿಗೆ ಇರುವೆ ಮುತ್ತಿತ್ತು.

"ಸಾಕಪ್ಪಾ ಸಾಕು, ಈ ಅಜ್ಜನ ಸಹವಾಸ!" ಹೊನ್ನಿ ಸಿಡುಕಿದಳು. "ಎಲೆ ಅಲ್ಲಾಡಿದರೂ ಕೂಗು, ಗಾಳಿ ಬೀಸಿದರೂ ಕೂಗು. ಬರೀ ಸುಳ್ಳು!"

"ಹಾಗನ್ನಬೇಡ ಕಣೇ," ಎಂದಳು ದೊಡ್ಡಮ್ಮ ಬೊಟ್ಟವ್ವ. "ಅವನ ಕೂಗಿನಿಂದಲೇ ನಾವೆಲ್ಲ ಬದುಕಿರೋದು."

"ಹೌದಾ? ಯಾವತ್ತು ಬದುಕಿಸಿದ? ಒಂದೇ ಒಂದು ದಿನ ಹೇಳು ನೋಡೋಣ ದೊಡ್ಡಮ್ಮ."

ಬೊಟ್ಟವ್ವ ಯೋಚಿಸಿದಳು. ಕಿವಿ ಆಡಿಸಿದಳು. ಮತ್ತೆ ಯೋಚಿಸಿದಳು. ಒಂದು ದಿನವೂ ನೆನಪಿಗೆ ಬರಲಿಲ್ಲ.

ಬರುವುದಾದರೂ ಹೇಗೆ ಮಕ್ಕಳೇ? ಅಜ್ಜ ಕೂಗಿದಾಗಲೆಲ್ಲ ಇವರು ಓಡಿಬಿಡುತ್ತಿದ್ದರು. ಚಿರತೆ ಬಂದಿದ್ದರೂ ಪೊದೆಯೊಳಗಿಂದಲೇ ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗುತ್ತಿತ್ತು. ಇವರ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ಕಾಣದ್ದನ್ನು ಮನಸ್ಸು ಎಲ್ಲಿ ಅಂತ ಇಟ್ಟುಕೊಂಡೀತು? ಚುಚ್ಚಿದ ಮುಳ್ಳನ್ನಾದರೆ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ನಿಮ್ಮ ಮನಸ್ಸೂ ಹಾಗೇ, ನನ್ನದೂ ಹಾಗೇ.

"ನೋಡಿದೆಯಾ? ಒಂದೂ ಇಲ್ಲ!" ಎಂದು ಹೊನ್ನಿ ಮರಿಯನ್ನು ಕರೆದುಕೊಂಡು ಹೊರಟೇಬಿಟ್ಟಳು.

ಕೆರೆಯ ಆ ಬದಿಯಲ್ಲಿ ಹುಲ್ಲುಗಾವಲು. ಅಂಚಿನಲ್ಲಿ ಒಂದು ಒಣಮರ ಬಿಟ್ಟರೆ ಬರೀ ಎತ್ತರದ ಹುಲ್ಲು. ಯಾರ ಕೂಗೂ ಇಲ್ಲ, ಯಾರ ಗದ್ದಲವೂ ಇಲ್ಲ.

"ಎಷ್ಟು ನೆಮ್ಮದಿ ನೋಡು ಮಗಾ!" ಎಂದಳು ಹೊನ್ನಿ. "ಚಿರತೆ ಬಂದರೆ ವಾಸನೆ ಹಿಡಿಯೋಕೆ ನಮಗೆ ಮೂಗಿಲ್ಲವಾ?"

ಮೂಗೇನೋ ಇತ್ತು. ಆದರೆ ಗಾಳಿ ತಂದುಕೊಟ್ಟದ್ದಷ್ಟೇ ಮೂಗಿಗೆ ಗೊತ್ತು. ಅಂದು ಇಳಿಹೊತ್ತಿನಲ್ಲಿ ತಾಯಿ ಮರಿ ಒಣಮರದ ಹತ್ತಿರ ಮೇಯುತ್ತಿದ್ದಾಗ ಗಾಳಿ ಮುಂದಿನಿಂದ ಬೀಸುತ್ತಿತ್ತು. ಚಿರತೆ ಹಿಂದಿನಿಂದ ಬರುತ್ತಿತ್ತು.

"ಖಕ್! ಖಕ್! ಖಕ್!"

ಒಣಮರದ ಮೇಲೆ ಮಸಿಯಜ್ಜ! ಹೊನ್ನಿ ಎಲ್ಲೂ ಕಾಣಲಿಲ್ಲವೆಂದು ಹುಡುಕಿಕೊಂಡು ಬಂದಿದ್ದ. ಮರಿ ಕಿವಿ ನೆಟ್ಟಗೆ ಮಾಡಿ ಓಡಲು ಹೊರಟಿತು.

"ನಿಲ್ಲು ಮಗಾ!" ಎಂದು ಗದರಿದಳು ಹೊನ್ನಿ. "ಇಲ್ಲಿಗೂ ಬಂದನಾ ಈ ಅಜ್ಜ? ಅವನ ಮಾತು ಕೇಳಬೇಡ, ನೀನು ಮೇಯಿ."

ಅಮ್ಮ ಹೇಳಿದ್ದಕ್ಕೆ ಮರಿ ನಿಂತಿತು.

ಹುಲ್ಲು ಸರಕ್ಕೆಂದಿತು. ಮರಿಯ ಬೆನ್ನ ಹಿಂದೆಯೇ ಚಿರತೆ ನೆಗೆಯಲು ಮೈ ಕುಗ್ಗಿಸಿತ್ತು. ಹೊನ್ನಿಯ ಜೀವ ಬಾಯಿಗೆ ಬಂತು. ಓಡು ಎನ್ನಲೂ ಹೊತ್ತಿರಲಿಲ್ಲ.

ಅಷ್ಟರಲ್ಲಿ ಮಸಿಯಜ್ಜ ಸರಸರನೆ ಕೆಳಕ್ಕಿಳಿದ. ಚಿರತೆ ನೆಗೆದರೆ ಅವನೇ ಸಿಗುವಷ್ಟು ಕೆಳಕ್ಕೆ! ಅಲ್ಲಿದ್ದ ಒಣಕೊಂಬೆಯ ಮೇಲೆ ಧೊಪ್ಪೆಂದು ಹಾರಿದ. ಕೊಂಬೆ ಲಟಲಟನೆ ಮುರಿದು ಚಿರತೆಯ ಮೂತಿಯ ಮುಂದೆ ಬಿತ್ತು. ಚಿರತೆ ಬೆಚ್ಚಿಬಿದ್ದು ಹಿಂದಕ್ಕೆ ಸರಿಯಿತು. ತಾಯಿ ಮರಿಗೆ ಅಷ್ಟೇ ಸಾಕಾಯಿತು. ಇಬ್ಬರೂ ಕೆರೆಯ ಏರಿಯ ಮೇಲೆ ಹಾದು, ತಿರುಗಿ ನೋಡದೆ ಓಡಿ, ಅತ್ತಿಮರದಡಿಗೆ ಬಂದು ನಿಂತರು.

ಸ್ವಲ್ಪ ಹೊತ್ತಿಗೆ ಮಸಿಯಜ್ಜನೂ ಬಂದ. ಕುಂಟುತ್ತಿದ್ದ. ಬಾಲದ ಮೇಲೆ ಚಿರತೆಯ ಉಗುರಿನ ಗೀರು ಬಿದ್ದಿತ್ತು.

"ಅಜ್ಜಾ, ನನ್ನ ಮರಿ..." ಎಂದಳು ಹೊನ್ನಿ. ಕಣ್ಣು ತುಂಬಿಕೊಂಡು ಅವನ ಬಾಲದ ಗೀರನ್ನೇ ನೋಡಿದಳು.

"ಮರಿ ಚೆನ್ನಾಗಿದೆಯಲ್ಲ, ಬಿಡಮ್ಮ," ಎಂದ ಅಜ್ಜ.

"ನಿನ್ನ ಕೂಗೆಲ್ಲ ಸುಳ್ಳು ಅಂದುಬಿಟ್ಟೆ ಅಜ್ಜಾ."

"ಎಷ್ಟೋ ಸಲ ಸುಳ್ಳೇ ಕಣಮ್ಮ!" ಅಜ್ಜ ನಕ್ಕುಬಿಟ್ಟ. "ಹಂದಿ ಇರುತ್ತೆ, ಗಾಳಿ ಇರುತ್ತೆ. ಚಿರತೆಯೇ ಅಂತ ಖಾತ್ರಿ ಮಾಡಿಕೊಂಡು ಕೂಗೋಣ ಅಂದರೆ, ಅಷ್ಟು ಹೊತ್ತಿಗೆ ಕೇಳೋಕೆ ನೀವು ಇರೋದಿಲ್ಲ."

"ಹಾಗಾದರೆ ಯಾವ ದಿನ ನೀನು ನಮ್ಮನ್ನು ಉಳಿಸಿದೆ, ಯಾವ ದಿನ ಇಲ್ಲ ಅಂತ ಗೊತ್ತಾಗೋದು ಹೇಗೆ? ಯಾವ ದಿನಕ್ಕೆ ಅಂತ ನಿನ್ನ ಉಪಕಾರ ನೆನೆಯಲಿ?"

"ಅದು ನನಗೂ ಗೊತ್ತಿಲ್ಲ ತಾಯಿ," ಎಂದು ಅಜ್ಜ ಬಾಲದ ಗೀರನ್ನು ನೆಕ್ಕಿಕೊಂಡ.

ಹೊನ್ನಿ ತನ್ನ ಮರಿಯನ್ನು ನೋಡಿದಳು. ಅದು ಏನೂ ಆಗಿಲ್ಲವೆಂಬಂತೆ ಹಣ್ಣು ತಿನ್ನುತ್ತಿತ್ತು. ಯಾವ ದಿನವೆಂದು ಗೊತ್ತಿಲ್ಲದ ಮೇಲೆ ಎಲ್ಲ ದಿನಕ್ಕೂ ನೆನೆಯುವುದೇ ಸರಿ ಎನ್ನಿಸಿತು ಅವಳಿಗೆ.

ಆಮೇಲೆ ಪ್ರತಿ ಸಂಜೆ, ಉಳಿದ ಜಿಂಕೆಗಳೆಲ್ಲ ಮಲಗಲು ಹೋಗುವಾಗ, ಹೊನ್ನಿ ಮರಿಯ ಜೊತೆ ಅತ್ತಿಮರದಡಿ ನಿಂತು ಕತ್ತೆತ್ತಿ ಹೇಳುತ್ತಿದ್ದಳು: "ಅಜ್ಜಾ, ಇವತ್ತೂ ನಮಗೆ ಏನೂ ಆಗಲಿಲ್ಲ. ನಿನ್ನಿಂದ ದೊಡ್ಡ ಉಪಕಾರವಾಯಿತು."

ನೀತಿ: ಬಂದ ಕಷ್ಟ ತಾನಾಗಿಯೇ ನೆನಪಿರುತ್ತದೆ, ತಪ್ಪಿಹೋದ ಕಷ್ಟ ನೆನಪಿರುವುದಿಲ್ಲ, ಅದನ್ನು ತಪ್ಪಿಸಿದವರನ್ನು ನಾವೇ ದಿನವೂ ನೆನೆಯಬೇಕು.