ಪುಟದಂಚಿನ ಹೆಬ್ಬೆರಳು

ಹೊಳೆಯ ದಂಡೆಯ ಆಶ್ರಮದಲ್ಲಿ ಕಣ್ಣಿಲ್ಲದವರಿಗಾಗಿ ಬ್ರೈಲ್ ಪುಸ್ತಕ ಮಾಡುತ್ತಿದ್ದರು. ಹಳೆಯ ಪುಸ್ತಕಗಳನ್ನು ಅಡಿವೆಪ್ಪ ಸ್ಕ್ಯಾನ್ ಮಾಡುತ್ತಿದ್ದ. ಕಂಪ್ಯೂಟರ್ ಓದಿಕೊಟ್ಟದ್ದರಲ್ಲಿ ನುಸುಳಿದ ಬೇಡದ ಚಿಹ್ನೆಗಳನ್ನು ಮಲ್ಲೇಶಿ ಅಳಿಸುತ್ತಿದ್ದ. ಇಬ್ಬರೂ ಗುರುಗಳ ಶಿಷ್ಯರು.

ಮಳೆಗಾಲದ ಜ್ವರದಲ್ಲಿ ಅಡಿವೆಪ್ಪ ತೀರಿಕೊಂಡ. ಅವನು ಕೊನೆಗೆ ಸ್ಕ್ಯಾನ್ ಮಾಡಿದ್ದು ಒಂದು ಕಥೆಪುಸ್ತಕ, ಕಣ್ಣಿಲ್ಲದ ತನ್ನ ತಾಯಿ ನೀಲವ್ವನಿಗೆಂದು.

ಚಳಿ ಬಿದ್ದರೂ ಆ ಪುಸ್ತಕ ಮುಗಿಯಲಿಲ್ಲ.

"ನೀಲವ್ವ ದಿನಾ ಕೇಳ್ತಾಳೆ," ಅಂದರು ಗುರುಗಳು. "ಎಲ್ಲಿಗೆ ಬಂತು?"

"ಅಳಿಸೋಕೆ ಕೈ ಬರ್ತಿಲ್ಲ, ಗುರುಗಳೇ. ಪುಟಪುಟದಲ್ಲೂ ಅವನ ಬೆರಳಿದೆ."

ಪುಟ ಮಗುಚದಂತೆ ಅಡಿವೆಪ್ಪ ಅಂಚಿನಲ್ಲಿ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದ. ಸ್ಕ್ಯಾನಿನಲ್ಲಿ ಬೆರಳೂ ಬರುತ್ತಿತ್ತು. ಕಂಪ್ಯೂಟರ್ ಅದನ್ನೂ ಅಕ್ಷರವೆಂದೇ ಬಗೆದು ಸಾಲಿನ ಕೊನೆಗೆ ನಕ್ಷತ್ರ, ಆವರಣ, ಅಡ್ಡಗೆರೆಗಳನ್ನು ತುರುಕುತ್ತಿತ್ತು.

ಮೊದಲೆಲ್ಲ ಮಲ್ಲೇಶಿ ಬೈಯುತ್ತಲೇ ಅಳಿಸುತ್ತಿದ್ದ. "ಬೆರಳು ತೆಗಿಯೋ ಪುಣ್ಯಾತ್ಮ! ನಿನ್ನ ಬೆರಳು ಒರೆಸೋದೇ ನನ್ನ ಕೆಲಸ ಆಯ್ತು."

"ತೆಗೆದರೆ ಪುಟ ಮುಚ್ಚಿಕೊಳ್ಳುತ್ತೆ, ಏನು ಮಾಡಲಿ?" ಅನ್ನುತ್ತಿದ್ದ ಅಡಿವೆಪ್ಪ, ನಗುತ್ತಾ.

ಈಗ ಬೈಯಲು ಯಾರೂ ಇರಲಿಲ್ಲ.

ಗುರುಗಳು ಹೇಳಿದರು, "ಏನೂ ಅಳಿಸಬೇಡ. ಒಂದು ಪುಟ ಹಾಗೇ ಬ್ರೈಲಿಗೆ ಹಾಕು. ಅವ್ವನನ್ನ ಕರಿ."

ನೀಲವ್ವ ಬಂದು ಜಗಲಿಯ ಮೇಲೆ ಕೂತಳು. ಸೆರಗಿನಿಂದ ಬೆರಳು ಒರೆಸಿಕೊಂಡು ಪುಟದ ಮೇಲಿಟ್ಟು ಗಟ್ಟಿಯಾಗಿ ಓದತೊಡಗಿದಳು.

"ದೋಣಿಯವನು ಹುಟ್ಟು ಕೆಳಗಿಟ್ಟು ಕೇಳಿದ..."

ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು, ಮತ್ತೆ ಅಲ್ಲೇ ನಿಂತಿತು.

"ಇದೇನು ತಮ್ಮಾ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ? ಏನು ಕೇಳಿದ ಅವನು?"

ಮಲ್ಲೇಶಿ ತಡೆದುಕೊಳ್ಳಲಾರದೆ ಹೇಳಿಬಿಟ್ಟ. "ಅವ್ವಾ, ಅದು ಅಡಿವೆಪ್ಪನ ಹೆಬ್ಬೆರಳು."

ನೀಲವ್ವ ಆ ಚುಕ್ಕಿಗಳನ್ನು ಬಹಳ ಹೊತ್ತು ಸವರಿದಳು.

"ಅವನ ಹೆಬ್ಬೆರಳ ಉಗುರು ಸೀಳಿತ್ತು," ಅಂದಳು. "ಚಿಕ್ಕವನಿದ್ದಾಗ ಬಾಗಿಲಿಗೆ ಸಿಕ್ಕಿ. ಅವನ ಬೆರಳು ನನಗೆ ಗೊತ್ತಿಲ್ಲವೇ? ಇದಲ್ಲ."

ಪುಟವನ್ನು ಮಲ್ಲೇಶಿಯ ಕಡೆಗೆ ಚಾಚಿದಳು. ಅವನು ತೆಗೆದುಕೊಂಡು ಎದೆಗೊತ್ತಿಕೊಂಡ.

"ಮಲ್ಲೇಶಿ," ಅಂದರು ಗುರುಗಳು, "ಅವನು ಯಾಕೆ ಬೆರಳೊತ್ತಿ ಹಿಡಿದಿದ್ದ?"

"ಪುಟ ಮುಚ್ಚಿಕೊಳ್ಳದಿರಲಿ ಅಂತ."

"ನೀನು ಯಾಕೆ ಹಿಡಿದುಕೊಂಡಿದ್ದೀಯ?"